ವಿಯೆನ್ನಾದಲ್ಲಿ ಕಾಫಿಗೆ ಎಲ್ಲಿ ಕೂರೋದು?

ಮೊನ್ನೆ ಡೊಂಬಿವಲಿಯ ಗೆಳೆಯರೊಬ್ಬರು ಫೋನು ಮಾಡಿದ್ದರು. ಮಗನ ಜೊತೆ ಯುರೋಪು ಸುತ್ತಲು ಹೊರಟಿದ್ದಾರೆ, ಅದರಲ್ಲಿ ವಿಯೆನ್ನಾಕ್ಕೆ ಮೂರು ದಿನ. "ನೀವು ಎರಡು ಸಲ ಹೋಗಿ ತಿಂಗಳುಗಟ್ಟಲೆ ಇದ್ದು ಬಂದವರು, ಅಲ್ಲಿ ಒಳ್ಳೇ ಕಾಫಿ ಎಲ್ಲಿ ಸಿಗುತ್ತೆ ಹೇಳಿ ಮಾರಾಯ್ರೆ" ಅಂದರು. "ಒಳ್ಳೇ ಕಾಫಿ ಬೇಕಾದರೆ ಮಾಟುಂಗಕ್ಕೆ ಬನ್ನಿ, ವಿಯೆನ್ನಾಕ್ಕೆ ಯಾಕೆ ಹೋಗ್ತೀರಿ?" ಅಂದೆ. ಅವರು ಜೋರಾಗಿ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ಫೋನಿನಲ್ಲಿ ಅರ್ಧ ಹೇಳಿ ಅರ್ಧ ಉಳಿದದ್ದನ್ನು ಇಲ್ಲಿ ಬರೆದುಬಿಡುತ್ತೇನೆ, ಇನ್ನು ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಮಗಳು ಅಲ್ಲಿ ಕೆಲಸದಲ್ಲಿದ್ದಾಳೆ. 2017ರಲ್ಲಿ ಒಂದು ತಿಂಗಳು, ರಿಟೈರಾದ ಮೇಲೆ 2023ರಲ್ಲಿ ಇನ್ನೊಂದು ತಿಂಗಳು ನಾನು, ನನ್ನವಳು ಹೋಗಿ ಇದ್ದೆವು. ಮಗಳು ಬೆಳಗ್ಗೆ ಆಫೀಸಿಗೆ ಹೋದರೆ ಸಂಜೆಯೇ ಬರುವುದು. ಅಲ್ಲಿಯವರೆಗೆ ಟ್ರ್ಯಾಮು ಹತ್ತುವುದು, ಇಳಿಯುವುದು, ಕಾಲು ನೋಯುವವರೆಗೆ ನಡೆಯುವುದು, ಎಲ್ಲಾದರೂ ಕೂರುವುದು. ಹಾಗೆ ಕೂತ ಅನುಭವದಿಂದಲೇ ಇದೆಲ್ಲ.

ಮೊದಲು ಕಾಫಿಯ ವಿಷಯ ಮುಗಿಸೋಣ. ಫಿಲ್ಟರ್ ಡಿಕಾಕ್ಷನ್ನಿಗೆ ಒಗ್ಗಿದ ನಾಲಿಗೆಗೆ ವಿಯೆನ್ನಾದ ಕಾಫಿ ಅಂಥಾ ಅದ್ಭುತವೇನೂ ಅಲ್ಲ. ಎಲ್ಲರೂ ಕುಡಿಯುವುದು ಮೆಲಾಂಜ್. ಬಿಸಿ ಹಾಲು, ಮೇಲೆ ನೊರೆ, ಒಳಗೆ ಸಾಧುವಾದ ಕಾಫಿ. ನಮ್ಮವರಿಗೆ ಅದು "ಹಾಲು ಜಾಸ್ತಿ" ಅನ್ನಿಸುತ್ತದೆ. ಸ್ಟ್ರಾಂಗ್ ಬೇಕಿದ್ದರೆ 'ಗ್ರೋಸರ್ ಬ್ರೌನರ್' ಕೇಳಿ, ಎರಡು ಪಾಲು ಕಾಫಿ, ಪಕ್ಕದಲ್ಲಿ ಪುಟ್ಟ ಜಗ್ಗಿನಲ್ಲಿ ಹಾಲು, ನಮಗೆ ಬೇಕಾದಷ್ಟು ಹಾಕಿಕೊಳ್ಳಬಹುದು. ಅದರ ತಮ್ಮ 'ಕ್ಲೈನರ್ ಬ್ರೌನರ್'. 'ಐನ್‌ಶ್ಪೆನರ್' ಅಂದರೆ ಒಂಟಿ ಕುದುರೆಯ ಗಾಡಿ. ಗ್ಲಾಸಿನಲ್ಲಿ ಕಪ್ಪು ಕಾಫಿ, ಮೇಲೆ ಗುಡ್ಡದ ಹಾಗೆ ಕ್ರೀಮು. ಚಳಿಯಲ್ಲಿ ಗಾಡಿಯವನು ಒಂದು ಕೈಯಲ್ಲಿ ಲಗಾಮು ಹಿಡಿದು ಇನ್ನೊಂದು ಕೈಯಲ್ಲಿ ಇದನ್ನು ಕುಡಿಯುತ್ತಿದ್ದನಂತೆ, ಕ್ರೀಮಿನ ಮುಚ್ಚಳದಿಂದ ಕಾಫಿ ಆರುತ್ತಿರಲಿಲ್ಲವಂತೆ. ಬರೀ 'ಕಾಫಿ' ಅಂತ ಮಾತ್ರ ಕೇಳಬೇಡಿ, "ಯಾವುದು?" ಅಂತ ಮಾಣಿ ಹುಬ್ಬೇರಿಸುತ್ತಾನೆ. ಆ ಮಾಣಿಗಳೋ, ಕಪ್ಪು ಕೋಟು, ಬೋ ಟೈ, ಹೈಕೋರ್ಟಿನ ವಕೀಲರ ಗತ್ತು. ಅವರನ್ನು 'ಹೆರ್ ಓಬರ್' ಅನ್ನಬೇಕು. ಚಪ್ಪಾಳೆ ತಟ್ಟುವುದು, "ಹಲೋ ಬಾಸ್" ಅನ್ನುವುದು ನಡೆಯುವುದಿಲ್ಲ.

ಇಷ್ಟಕ್ಕೆ 2023ರಲ್ಲಿ ಐದಾರು ಯೂರೋ ಕೊಟ್ಟಿದ್ದೇವೆ. ಅಂದರೆ ಐನೂರು ರೂಪಾಯಿ! ನನ್ನವಳು ಮೊದಲ ದಿನ ಮೆನು ನೋಡಿ ಎದ್ದೇಬಿಟ್ಟಿದ್ದಳು. ನಾನೂ ಮನಸ್ಸಿನಲ್ಲೇ ಮಾಟುಂಗದ ಲೆಕ್ಕ ಹಾಕುತ್ತಿದ್ದೆ. ಆಮೇಲೆ ಗೊತ್ತಾಯಿತು, ಇದು ಕಾಫಿಯ ಬೆಲೆ ಅಲ್ಲ. ಇದು ಕುರ್ಚಿಯ ಬಾಡಿಗೆ. ಕಾಫಿ ಬರುವುದು ಬೆಳ್ಳಿಯಂತೆ ಹೊಳೆಯುವ ಪುಟ್ಟ ತಟ್ಟೆಯಲ್ಲಿ, ಜೊತೆಗೆ ಒಂದು ಗ್ಲಾಸು ನೀರು, ನೀರಿನ ಗ್ಲಾಸಿನ ಬಾಯಿಯ ಮೇಲೆ ಅಡ್ಡಲಾಗಿ ಚಮಚ. ಕಾಫಿ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಆಮೇಲೆ ನೀವು ಎರಡು ಗಂಟೆ ಕೂತರೂ ಯಾರೂ ಏನೂ ಕೇಳುವುದಿಲ್ಲ. ಮರದ ಚೌಕಟ್ಟಿಗೆ ಸಿಕ್ಕಿಸಿದ ಪೇಪರುಗಳು ಗೂಟಕ್ಕೆ ನೇತಾಡುತ್ತಿರುತ್ತವೆ, ಓದಬಹುದು. ನೀರು ಖಾಲಿಯಾದರೆ ಕೇಳದೆಯೇ ಇನ್ನೊಂದು ಗ್ಲಾಸು. ಆ ನೀರಿನ ರುಚಿಯ ಬಗ್ಗೆಯೇ ಒಂದು ಲೇಖನ ಬರೆಯಬಹುದು. ಆಲ್ಪ್ಸ್ ಬೆಟ್ಟದ ಒರತೆಗಳಿಂದ 1873ರಲ್ಲಿ ಒಂದು, 1910ರಲ್ಲಿ ಇನ್ನೊಂದು ಕಾಲುವೆ ಎಳೆದು ತಂದ ನೀರದು, ನಲ್ಲಿ ತಿರುಗಿಸಿದರೆ ಅದೇ ಬರುತ್ತದೆ. ಅಂಗಡಿಯಲ್ಲಿ ಬಾಟಲಿ ಕೊಳ್ಳಬೇಡಿ, ದುಡ್ಡು ದಂಡ.

ಈಗ ನನ್ನ ಅಭಿಪ್ರಾಯ. ಕುರ್ಚಿಗೆ ಬಾಡಿಗೆ ಕೊಡುವುದಾದರೆ ಕೂರಲು ಬಿಡುವ ಕಡೆ ಕೊಡಬೇಕಲ್ಲವೇ? ನಮ್ಮ ಟೂರಿನವರು ಮಾಡುವುದು ಸರಿಯಾಗಿ ಇದರ ಉಲ್ಟಾ. ಬಸ್ಸು ಇಳಿಸಿ, ಎರಡು ಹೆಸರು ಹೇಳಿ, "ಒಂದು ಗಂಟೆ ಟೈಮು" ಅನ್ನುತ್ತಾರೆ. ಒಂದು ಕೆಫೆ ಸೆಂಟ್ರಲ್, ಇನ್ನೊಂದು ಸಾಕರ್. ಎರಡರ ಮುಂದೆಯೂ ಸಿದ್ಧಿವಿನಾಯಕನ ಮಂಗಳವಾರದ ಸಾಲು. ಮುಕ್ಕಾಲು ಗಂಟೆ ನಿಂತು, ಒಳಗೆ ಹೋಗಿ, ಫೋಟೋ ಹೊಡೆದು, ಬಾಯಿ ಸುಟ್ಟುಕೊಂಡು ಕುಡಿದು ಓಡಿ ಬರುವುದಕ್ಕೆ ವಿಯೆನ್ನಾ ಬೇಕೇ ಸ್ವಾಮಿ? ದಾದರ್ ಸ್ಟೇಷನ್ನಿನ ಕಟಿಂಗ್ ಚಾ ಸಾಲದೇ?

ಸೆಂಟ್ರಲ್ ಸುಳ್ಳು ಜಾಗ ಅಂತ ನಾನು ಹೇಳುತ್ತಿಲ್ಲ. 1876ರಲ್ಲಿ ಶುರುವಾದದ್ದು, ಕಮಾನು ಕಂಬಗಳ ಆ ಒಳಾಂಗಣ ದೇವಸ್ಥಾನದ ಹಾಗಿದೆ. ಟ್ರಾಟ್‌ಸ್ಕಿ ರಷ್ಯಾ ಬಿಟ್ಟು ವಿಯೆನ್ನಾದಲ್ಲಿದ್ದ ವರ್ಷಗಳಲ್ಲಿ ಇಲ್ಲಿ ಚೆಸ್ ಆಡುತ್ತಾ ಕೂರುತ್ತಿದ್ದ. ಪೀಟರ್ ಆಲ್ಟೆನ್‌ಬರ್ಗ್ ಅನ್ನುವ ಸಾಹಿತಿಯಂತೂ ತನ್ನ ವಿಳಾಸವನ್ನೇ ಕೆಫೆ ಸೆಂಟ್ರಲ್ ಅಂತ ಕೊಟ್ಟಿದ್ದ, ಕಾಗದ ಪತ್ರ ಎಲ್ಲ ಅಲ್ಲಿಗೇ. ಈಗ ಬಾಗಿಲ ಹತ್ತಿರ ಅವನ ಗೊಂಬೆ ಕೂತಿದೆ, ದಿನವಿಡೀ, ಯಾರೂ ಎಬ್ಬಿಸುವುದಿಲ್ಲ. ನಿಜವಾದ ಆಲ್ಟೆನ್‌ಬರ್ಗ್ ಈಗ ಬಂದರೆ ಹೊರಗಿನ ಸಾಲಿನಲ್ಲಿ ನಿಲ್ಲಬೇಕು.

ಅವನು ಯಾಕೆ ಹಾಗೆ ವಿಳಾಸ ಕೊಟ್ಟ? ಶೋಕಿಗೆ ಅಂತ ನಾನು ಮೊದಲು ಅಂದುಕೊಂಡಿದ್ದೆ. ಆಮೇಲೆ ಮಗಳು ಅಲ್ಲಿನ ಹಳೇ ಬಾಡಿಗೆ ಕಟ್ಟಡವೊಂದನ್ನು ತೋರಿಸಿದಳು. ಮಹಡಿಗೊಂದು ಉದ್ದ ಕಾರಿಡಾರು, ಸಾಲಾಗಿ ಬಾಗಿಲುಗಳು, ಕಾರಿಡಾರಿನ ಗೋಡೆಗೆ ಎಲ್ಲರಿಗೂ ಸೇರಿ ಒಂದೇ ನಲ್ಲಿ, ಕೆಳಗೊಂದು ಕಬ್ಬಿಣದ ತೊಟ್ಟಿ. ಅದಕ್ಕೆ 'ಬಸ್ಸೇನಾ' ಅನ್ನುತ್ತಾರೆ. ಆ ನಲ್ಲಿಯ ಹತ್ತಿರದ ಹೆಂಗಸರ ಹರಟೆಗೆ ಅವರ ಭಾಷೆಯಲ್ಲಿ ಬೇರೆಯೇ ಪದ ಇದೆ! ನಾನು ಅಲ್ಲೇ ನಿಂತುಬಿಟ್ಟೆ. ಪರೇಲಿನ ಚಾಳು ಸ್ವಾಮಿ ಅದು. ಬಣ್ಣ ಬೇರೆ, ಅಷ್ಟೇ. 1910ರ ಹೊತ್ತಿಗೆ ಆ ಊರಿನಲ್ಲಿ ಇಪ್ಪತ್ತು ಲಕ್ಷ ಜನ. ಬೊಹೆಮಿಯಾ, ಮೊರಾವಿಯಾ, ಗಲೀಷಿಯಾ ಎಲ್ಲೆಲ್ಲಿಂದಲೋ ಹೊಟ್ಟೆಪಾಡಿಗೆ ಬಂದವರು. 'ಬೆಟ್‌ಗೇಯರ್' ಅಂತ ಒಂದು ವರ್ಗವೇ ಇತ್ತು, ಮನೆಯಲ್ಲ, ಕೋಣೆಯಲ್ಲ, ಬರೀ ಹಾಸಿಗೆಯನ್ನು ಕೆಲವು ಗಂಟೆಗಳ ಲೆಕ್ಕದಲ್ಲಿ ಬಾಡಿಗೆ ಪಡೆಯುವವರು. ಒಬ್ಬ ಕೆಲಸಕ್ಕೆ ಹೋದರೆ ಇನ್ನೊಬ್ಬ ಬಂದು ಅದರಲ್ಲೇ ಮಲಗುವುದು. ನಮ್ಮಲ್ಲಿ ಮುಂಬೈಗೆ ಬಂದ ಮೊದಲ ತಲೆಮಾರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆ ಪಾಳಿ ಹಾಸಿಗೆಯವರು ಸೆಂಟ್ರಲ್‌ಗೆ ಹೋಗುತ್ತಿದ್ದರು ಅಂತಲ್ಲ, ಅವರ ಹತ್ತಿರ ಅಷ್ಟು ದುಡ್ಡೆಲ್ಲಿ? ಆದರೆ ಅವರಿಗಿಂತ ಒಂದು ಮೆಟ್ಟಿಲು ಮೇಲಿದ್ದ ಗುಮಾಸ್ತ, ವಿದ್ಯಾರ್ಥಿ, ಪತ್ರಿಕೆಗೆ ಬರೆಯುವವ, ಇವರ ಕೋಣೆಗಳೂ ಇಕ್ಕಟ್ಟು, ಚಳಿಗಾಲದಲ್ಲಿ ಸೌದೆಯ ಖರ್ಚು ಬೇರೆ. ಒಂದು ಕಪ್ ಕಾಫಿಗೆ ದುಡ್ಡು ಕೊಟ್ಟರೆ ಬೆಚ್ಚಗಿನ ಹಾಲು, ಬೆಳಕು, ಓದಲು ಪೇಪರು, ಕೂರಲು ಜಾಗ. ಮನೆಯಲ್ಲಿ ಇಲ್ಲದ ಹಜಾರ ಅಲ್ಲಿ ಸಿಕ್ಕಿತು. 2011ರಲ್ಲಿ ಈ ಕಾಫಿಹೌಸ್ ಸಂಸ್ಕೃತಿಯನ್ನು ಆಸ್ಟ್ರಿಯಾ ತನ್ನ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು. (ಯುನೆಸ್ಕೋದ ಜಾಗತಿಕ ಪಟ್ಟಿ ಅಂತ ಗೈಡುಗಳು ಹೇಳುತ್ತಾರೆ, ಅಲ್ಲ, ದೇಶದ ಪಟ್ಟಿ.) ಸೇರಿಸಿದ್ದು ಕಾಫಿಯ ಪಾಕವನ್ನಲ್ಲ, ಕೂರುವ ರೂಢಿಯನ್ನು.

ಇಲ್ಲಿ ನನ್ನದೊಂದು ಹಳೇ ಕತೆ ಹೇಳದೆ ಮುಂದೆ ಹೋಗಲಾರೆ. ನಾನು ಕಾರ್ಕಳದ ಕಡೆಯಿಂದ ಹದಿನಾಲ್ಕನೇ ವಯಸ್ಸಿಗೆ, 1979ರಲ್ಲಿ, ಮುಂಬೈಗೆ ಬಂದವನು. ದಾದರಿನ ಒಂದು ಹೋಟೆಲಿನಲ್ಲಿ ಹಗಲು ಕೆಲಸ, ರಾತ್ರಿ ಶಾಲೆ. ಹೋಟೆಲಿನ ಹೆಸರು ಬೇಡ, ಈಗ ಅದು ಇಲ್ಲ. ನನಗೆ ಕಲಿಸಿದ ಮೊದಲ ಪಾಠ, ಗಿರಾಕಿಯ ಕಪ್ಪು ಖಾಲಿಯಾದ ಕೂಡಲೇ ಒದ್ದೆ ಬಟ್ಟೆ ತೆಗೆದುಕೊಂಡು ಹೋಗಿ ಅವನ ಮುಂದಿನ ಟೇಬಲ್ ಒರೆಸುವುದು. ಬಾಯಿ ಬಿಟ್ಟು "ಏಳಿ" ಅನ್ನಬಾರದು, ಬಟ್ಟೆಯೇ ಹೇಳುತ್ತದೆ. 1982ರ ಜನವರಿಯಲ್ಲಿ ಗಿರಣಿ ಮುಷ್ಕರ ಶುರುವಾಯಿತಲ್ಲ, ಆ ವರ್ಷ ಮುದುಕರೊಬ್ಬರು ದಿನಾ ಬರುತ್ತಿದ್ದರು, ಗಿರಣಿಯವರೇ, ಮರಾಠಿಯವರು. ಹತ್ತಡಿಯ ಖೋಲಿಯಲ್ಲಿ ಎಂಟು ಜನ, ಈಗ ಗಂಡಸರೆಲ್ಲ ಹಗಲೂ ಮನೆಯಲ್ಲೇ. ಒಂದು ಚಾ ತೆಗೆದುಕೊಂಡು ಮೂಲೆಯ ಟೇಬಲ್ಲಿನಲ್ಲಿ ಪೇಪರು ಬಿಡಿಸಿ ಕೂರುತ್ತಿದ್ದರು. ಒಂದು ದಿನ ಗಲ್ಲೆಯಿಂದ ಕಣ್ಣಸನ್ನೆ ಬಂತು. ನಾನು ಬಟ್ಟೆ ಹಿಡಿದು ಹೋದೆ. ಅವರು ಪೇಪರನ್ನು ಎತ್ತಿ ಹಿಡಿದು, ನಾನು ಒರೆಸುವವರೆಗೆ ಕಾದು, "ಠೀಕ್ ಆಹೆ ಬಾಳಾ" ಅಂದು ಎದ್ದರು. ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ.

ಧಣಿಗಳನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಹನ್ನೆರಡು ಟೇಬಲ್ಲು, ಮುಂಬೈಯ ಬಾಡಿಗೆ, ಪೈಸೆ ಲೆಕ್ಕದ ಚಾ. ಗಿರಾಕಿ ಏಳದಿದ್ದರೆ ಆ ರೇಟಿಗೆ ಇಡ್ಲಿ ಕೊಡುವುದು ಹೇಗೆ? ಏಳಿಸಿ ಏಳಿಸಿಯೇ ನಮ್ಮ ಉಡುಪಿ ಹೋಟೆಲುಗಳು ಇಡೀ ಮುಂಬೈಗೆ ಅಗ್ಗದಲ್ಲಿ ಊಟ ಹಾಕಿದ್ದು. ನನಗೂ ಅನ್ನ ಹಾಕಿದ್ದು, ರಾತ್ರಿ ಶಾಲೆಗೆ ಬಿಟ್ಟದ್ದು. ಆದರೆ 2017ರಲ್ಲಿ ಕೆಫೆ ಪ್ರುಕೆಲ್‌ನಲ್ಲಿ ಒಬ್ಬಳು ಅಜ್ಜಿ ಒಂದು ಕ್ಲೈನರ್ ಬ್ರೌನರ್ ಮುಂದಿಟ್ಟುಕೊಂಡು ಮಧ್ಯಾಹ್ನವಿಡೀ ಕೂತಿದ್ದಳು. ಮಾಣಿ ಬಂದ. ನನ್ನ ಕಣ್ಣು ತಾನಾಗಿ ಅವನ ಕೈಯಲ್ಲಿ ಬಟ್ಟೆ ಹುಡುಕಿತು. ಅವನ ಕೈಯಲ್ಲಿದ್ದದ್ದು ಹೊಸ ನೀರಿನ ಗ್ಲಾಸು. ಅಲ್ಲಿಂದ ಮುಂದೆ ಐನೂರು ರೂಪಾಯಿಯ ಲೆಕ್ಕ ಹಾಕುವುದನ್ನು ಬಿಟ್ಟೆ.

ಹಾಗಾಗಿ ನನ್ನ ಪಟ್ಟಿಯಲ್ಲಿ ಮೊದಲು ಬರುವುದು ಪ್ರುಕೆಲ್, ರಿಂಗ್ ರಸ್ತೆಯಲ್ಲಿ, ಸ್ಟಾಡ್ಟ್‌ಪಾರ್ಕ್ ಹತ್ತಿರ. ಚಿನ್ನದ ಕಮಾನು ಇಲ್ಲ, 1950ರ ದಶಕದ ಸರಳ ಕುರ್ಚಿ ದೀಪಗಳು, ದೊಡ್ಡ ಕಿಟಕಿಗಳು, ಹೊರಗೆ ಟ್ರ್ಯಾಮು ಹೋಗುವುದನ್ನು ನೋಡುತ್ತಾ ಕೂರಬಹುದು. ಎರಡನೆಯದು ಗುಂಪೆನ್‌ಡಾರ್ಫರ್ ರಸ್ತೆಯ ಕೆಫೆ ಷ್ಪೆರ್ಲ್, 1880ರದ್ದು, ಒಳಗೆ ಬಿಲಿಯರ್ಡ್ಸ್ ಮೇಜುಗಳಿವೆ. 'ಬಿಫೋರ್ ಸನ್‌ರೈಸ್' ಸಿನಿಮಾದ ಹುಡುಗ ಹುಡುಗಿ ಸುಳ್ಳು ಫೋನು ಮಾಡಿಕೊಳ್ಳುವ ದೃಶ್ಯ ತೆಗೆದದ್ದು ಇಲ್ಲೇ. ಅದಕ್ಕಾಗಿ ಬರುವವರೂ ಇದ್ದಾರೆ, ಆದರೂ ಬೆಳಗಿನ ಹೊತ್ತು ಶಾಂತ. ಅದೇ ಕಡೆ ಒಳಗಲ್ಲಿಯಲ್ಲಿ ಯೆಲಿನೆಕ್ ಅಂತ ಚಿಕ್ಕದೊಂದಿದೆ, ಹಳೇ ಕಬ್ಬಿಣದ ಒಲೆ, ಸವೆದ ಸೋಫಾ, ಅಜ್ಜನ ಮನೆಯ ಹಾಗೆ.

ಹವೆಲ್ಕಾದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಊರ ನಡುವೆ ಡೊರೋಥೇಯರ್ ಗಲ್ಲಿಯಲ್ಲಿದೆ. ಲಿಯೋಪೋಲ್ಡ್ ಮತ್ತು ಯೋಸೆಫಿನ್ ಹವೆಲ್ಕಾ ಅನ್ನುವ ದಂಪತಿ 1939ರಲ್ಲಿ ತೆರೆದದ್ದು. ಯುದ್ಧದಲ್ಲಿ ಮುಚ್ಚಿ, 1945ರಲ್ಲಿ ಮತ್ತೆ ತೆರೆದರು. ಯುದ್ಧ ಮುಗಿದ ಮೇಲಿನ ಬಡ ಕವಿಗಳು, ಚಿತ್ರಕಾರರು ಎಲ್ಲ ಇಲ್ಲೇ ಬಿದ್ದುಕೊಂಡಿದ್ದರು. ಯೋಸೆಫಿನ್ 2005ರಲ್ಲಿ ಹೋದರು, ಲಿಯೋಪೋಲ್ಡ್ ನೂರು ವರ್ಷ ತುಂಬಿಸಿ 2011ರಲ್ಲಿ. ಮನೆಯವರೇ ಮುಂದುವರಿಸಿದ್ದಾರೆ. ಕತ್ತಲೆ ಕತ್ತಲೆ ಜಾಗ, ಗೋಡೆ ಹೊಗೆ ಹಿಡಿದಿದೆ. (2019ರ ನವೆಂಬರಿನಿಂದ ದೇಶದಲ್ಲೆಲ್ಲ ಹೋಟೆಲಿನೊಳಗೆ ಸಿಗರೇಟು ಬಂದ್, ಹೆದರಬೇಡಿ.) ಇಲ್ಲಿ ಹಗಲು ಹೋಗಬೇಡಿ, ರಾತ್ರಿ ಎಂಟರ ಮೇಲೆ ಹೋಗಿ. ಆಗ ಬುಖ್ಟೆಲ್ನ್ ಬರುತ್ತದೆ, ಒಳಗೆ ಪ್ಲಮ್ ಜಾಮು ತುಂಬಿದ ಬನ್ನು, ಒಲೆಯಿಂದ ಬಿಸಿಬಿಸಿ. ನಮ್ಮ ಬನ್ಸ್ ಬಲ್ಲವರು ಸೋದರಸಂಬಂಧಿ ಅನ್ನಬಹುದು. ಇವೆಲ್ಲ ಪ್ರವಾಸಿಗಳಿಗೆ ಗೊತ್ತಿರುವ ಹೆಸರೇ, ಗುಟ್ಟೇನಲ್ಲ. ಇವ್ಯಾವುದೂ ಬೇಡ ಅನ್ನಿಸಿದರೆ ಗುಲಾಬಿ ಬಣ್ಣದ 'ಆಯ್ದಾ' ಅಂಗಡಿಗಳು ಊರ ತುಂಬ ಇವೆ. ಅಲ್ಲಿ ಪೇಟೆಗೆ ಬಂದ ಅಜ್ಜಿಯರ ಜೊತೆ ಕೂತು ಕೇಕು ತಿನ್ನಬಹುದು.

ಸಾಕರ್ ಟೋರ್ಟೆ ತಿನ್ನದೆ ಬಂದರೆ ಊರಲ್ಲಿ ಕೇಳುತ್ತಾರೆ, ತಿನ್ನಿ. 1832ರಲ್ಲಿ ಮೆಟರ್ನಿಕ್ ಮಂತ್ರಿಯ ಅಡುಗೆಮನೆಯಲ್ಲಿ ಫ್ರಾನ್ಸ್ ಸಾಕರ್ ಎಂಬ ಹದಿನಾರರ ಹುಡುಗ ಮಾಡಿದ ಚಾಕ್ಲೇಟು ಕೇಕು ಅನ್ನುವುದು ಪ್ರತೀತಿ. "ಅಸಲಿ ನಮ್ಮದು" ಅಂತ ಸಾಕರ್ ಹೋಟೆಲು ಮತ್ತು ಡೆಮೆಲ್ ಮಿಠಾಯಿ ಅಂಗಡಿ ವರ್ಷಗಟ್ಟಲೆ ಕೋರ್ಟಿನಲ್ಲಿ ಗುದ್ದಾಡಿ 1963ರಲ್ಲಿ ರಾಜಿಯಾದವು, 'ಒರಿಜಿನಲ್' ಅನ್ನುವ ಮಾತು ಸಾಕರ್‌ಗೆ ಹೋಯಿತು. ನನಗೆ ಎರಡೂ ಒಣಒಣ ಅನ್ನಿಸಿದವು, ಕ್ರೀಮು ಇಲ್ಲದೆ ಗಂಟಲಲ್ಲಿ ಇಳಿಯುವುದಿಲ್ಲ. ನನ್ನವಳು ಮೊಟ್ಟೆ ತಿನ್ನದವಳು, ಅವಳಿಗೆ ಆ ತಗಾದೆಯೇ ಇಲ್ಲ.

ಊಟದ ವಿಷಯಕ್ಕೆ ಬಂದರೆ ಸಸ್ಯಾಹಾರಿಗಳು ಸ್ವಲ್ಪ ಹುಷಾರಾಗಿರಬೇಕು. ಮಾಂಸ ಕಣ್ಣಿಗೆ ಕಾಣಿಸದ ಕಡೆಯೇ ಅಪಾಯ. 'ಫ್ರಿಟಾಟೆನ್ ಸುಪ್ಪೆ' ಅಂದರೆ ದೋಸೆಯನ್ನು ಶಾವಿಗೆಯಂತೆ ಕತ್ತರಿಸಿ ಹಾಕಿದ ಸಾರು, ನೋಡಲು ಬಲು ಸಾಧು. ಆದರೆ ಆ ಸಾರು ದನದ ಮಾಂಸದ್ದು. ಆಲೂಗಡ್ಡೆ ಸಲಾಡನ್ನೂ ವಿಯೆನ್ನಾದ ಪದ್ಧತಿಯಲ್ಲಿ ಅದೇ ಸಾರಿನಲ್ಲಿ ಕಲಸುತ್ತಾರೆ. "ವೆಗೆಟಾರಿಶ್" ಅಂದರೆ ಸಾಲದು, "ರಿಂಡ್‌ಸುಪ್ಪೆ ಇದೆಯಾ?" ಅಂತ ಬಿಡಿಸಿ ಕೇಳಿ. ಗೆರ್ಮ್‌ಕ್ನೋಡೆಲ್ ಅಂತ ಒಂದು ಸಿಹಿ ಇದೆ, ಹಬೆಯಲ್ಲಿ ಬೇಯಿಸಿದ ದೊಡ್ಡ ಉಂಡೆ, ಒಳಗೆ ಪ್ಲಮ್ ಜಾಮು, ಮೇಲೆ ಕರಗಿದ ಬೆಣ್ಣೆ ಮತ್ತು ಪುಡಿ ಮಾಡಿದ ಗಸಗಸೆ. ಗಸಗಸೆ ಪಾಯಸದ ಊರಿನವರಿಗೆ ಅದು ಖಂಡಿತ ಹಿಡಿಸುತ್ತದೆ, ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ ಅನ್ನುವುದು ನೆನಪಿರಲಿ. ನನ್ನವಳನ್ನು ಕಾಪಾಡಿದ್ದು ಸೇಬಿನ ಷ್ಟ್ರೂಡೆಲ್, ಅದೂ ಪ್ರತಿ ಕಡೆ ಮೊಟ್ಟೆ ಇಲ್ಲವೆಂದು ಕೇಳಿ ಖಾತ್ರಿ ಮಾಡಿಕೊಂಡ ಮೇಲೆ. ಅದರ ಹಿಟ್ಟನ್ನು ಹೋಳಿಗೆಯ ಕಣಕಕ್ಕಿಂತ ತೆಳ್ಳಗೆ ಎಳೆಯುತ್ತಾರೆ.

ನಾನು ಎಲ್ಲ ತಿನ್ನುವವನು, ಆದರೂ ಷ್ನಿಟ್ಸೆಲ್ ಬಗ್ಗೆ ಒಂದೇ ಮಾತು: ಬರೀ 'ವೀನರ್ ಷ್ನಿಟ್ಸೆಲ್' ಅಂತ ಬರೆದಿದ್ದರೆ ಅದು ಕರುವಿನ ಮಾಂಸ, ಹಂದಿಯದಾದರೆ ಹಾಗಂತ ಬರೆದಿರಬೇಕು, ಕಾನೂನಿದೆ. ಅವರವರ ನಿಯಮದ ಪ್ರಕಾರ ನೋಡಿಕೊಳ್ಳಿ. ಮೊಟ್ಟೆ ತಿನ್ನುವವರಿಗೆ ಹವೆಲ್ಕಾದ ಗಲ್ಲಿಯಲ್ಲೇ 1902ರಿಂದಿರುವ ಒಂದು ಬ್ರೆಡ್ಡಂಗಡಿ, ಟ್ಶೆಷ್ನ್ಯೆವ್‌ಸ್ಕಿ. ಪೋಲೆಂಡಿನಿಂದ ಬಂದವನ ಹೆಸರು. ಬಾಯಲ್ಲಿ ಹೇಳಲಾಗದಷ್ಟು ಚೆನ್ನಾಗಿದೆ ಅಂತ ಅವರೇ ತಮ್ಮ ಹೆಸರಿನ ಮೇಲೆ ಜೋಕು ಮಾಡಿಕೊಳ್ಳುತ್ತಾರೆ. ಬೆರಳುದ್ದದ ಬ್ರೆಡ್ಡಿನ ಮೇಲೆ ಮೊಟ್ಟೆಯ ಬಗೆಬಗೆ ಹಚ್ಚು, ನಿಂತು ತಿನ್ನುವುದು, ಹೊರಡುವುದು, ಅಪ್ಪಟ ಮುಂಬೈ ಶೈಲಿ. ಅನ್ನ ಸಾರಿನ ನೆನಪು ತಡೆಯಲಾಗದಿದ್ದಾಗ ನಾವು ಹೋಗಿದ್ದು 2005ರಲ್ಲಿ ಶುರುವಾದ 'ವೀನರ್ ದೀವಾನ್' ಅನ್ನುವ ಪಾಕಿಸ್ತಾನಿ ಊಟದ ಮನೆಗೆ. ಬೇಕಾದಷ್ಟು ತಿನ್ನಿ, ಮನಸ್ಸಿಗೆ ಬಂದಷ್ಟು ಕೊಡಿ ಅನ್ನುವ ಪದ್ಧತಿ. ಬೇಳೆ, ಅನ್ನ, ಪಲ್ಯ. ಎಷ್ಟು ಕೊಡಬೇಕು ಅಂತ ನಾವಿಬ್ಬರೂ ಊಟಕ್ಕಿಂತ ಜಾಸ್ತಿ ಹೊತ್ತು ಪಿಸುಗುಟ್ಟಿದೆವು.

ಅಂದ ಹಾಗೆ ವಿಯೆನ್ನಾಕ್ಕೆ ಕಾಫಿ ಬಂದ ಕತೆ ಗೈಡು ಹೇಳೇ ಹೇಳುತ್ತಾನೆ. 1683ರಲ್ಲಿ ತುರ್ಕರು ಮುತ್ತಿಗೆ ಬಿಟ್ಟು ಓಡಿದಾಗ ಬಿಟ್ಟುಹೋದ ಕಾಫಿ ಮೂಟೆಗಳು, ಅದನ್ನು ಪಡೆದ ಕೋಲ್ಶಿಟ್ಸ್ಕಿ ಎಂಬ ಗೂಢಚಾರ, ಅವನ ಮೂರ್ತಿ ಕೂಡ ಒಂದು ಮೂಲೆಯಲ್ಲಿದೆ. ಚರಿತ್ರೆಕಾರರು ತೋರಿಸುವುದು ಬೇರೆಯವನನ್ನು, 1685ರಲ್ಲಿ ಕಾಫಿ ಮಾರಲು ಪರವಾನಗಿ ಪಡೆದ ಯೊಹಾನೆಸ್ ದಿಯೊದಾತೋ ಎಂಬ ಅರ್ಮೇನಿಯನ್ ವ್ಯಾಪಾರಿಯನ್ನು. ನಮಗೂ ಬಾಬಾ ಬುಡನ್ ಏಳು ಬೀಜ ತಂದ ಕತೆ ಇದೆಯಲ್ಲ, ಹೆಚ್ಚುಕಡಿಮೆ ಅದೇ ಶತಮಾನ. ಹೇಗಿದ್ದರೂ ಆ ಊರಿಗೂ ಕಾಫಿ ಕುಡಿಸಿದ್ದು ಹೊರಗಿನಿಂದ ಹೊಟ್ಟೆಪಾಡಿಗೆ ಬಂದವನೇ.

ಕೊನೆಗೆ ಡೊಂಬಿವಲಿಯ ಗೆಳೆಯರಿಗೆ ಹೇಳಲು ಮರೆತದ್ದು. ಮೊದಲ ದಿನ ಷ್ಪೆರ್ಲ್‌ನಲ್ಲಿ ಕಾಫಿ ಕುಡಿದು ನಾವು ಬಿಲ್ಲಿಗಾಗಿ ಕಾದೆವು. ಮುಂಬೈಯಲ್ಲಿ ಕೊನೆಯ ಗುಟುಕಿಗೆ ಮೊದಲೇ ಸೋಂಪಿನ ತಟ್ಟೆಯಲ್ಲಿ ಬಿಲ್ಲು ಬಂದು ಕೂರುತ್ತದಲ್ಲ. ಇಲ್ಲಿ ಅರ್ಧ ಗಂಟೆ ಆಯಿತು, ಒಂದು ಗಂಟೆ ಆಯಿತು, ಬರಲೇ ಇಲ್ಲ. ಎದ್ದರೆ ದುಡ್ಡು ಕೊಡದೆ ಓಡಿದ ಹಾಗೆ, ಕೂತರೆ ಮುಜುಗರ. ನನ್ನವಳು ಮಗಳಿಗೆ ಫೋನು ಮಾಡಿದಳು. ಅವಳು ಆಫೀಸಿನಲ್ಲಿ ಬಿದ್ದು ಬಿದ್ದು ನಕ್ಕು, "ಅಮ್ಮಾ, ನೀವು ಕೇಳುವವರೆಗೆ ಅವರು ತರಲ್ಲ. ತಂದರೆ 'ಹೋಗಿ' ಅಂದ ಹಾಗೆ ಆಗುತ್ತೆ" ಅಂದಳು. 'ತ್ಸಾಲೆನ್, ಬಿಟ್ಟೆ' ಅನ್ನಬೇಕಂತೆ. ಟಿಪ್ಪು ಐದರಿಂದ ಹತ್ತು ಪರ್ಸೆಂಟು, ದುಡ್ಡು ಕೊಡುವಾಗಲೇ ಸೇರಿಸಿ ಹೇಳುವುದು. ನಾನು ಕೈ ಎತ್ತಲು ಹೋದೆ. ನನ್ನವಳು ತಡೆದು, "ಇರಿ, ಇನ್ನೂ ಸ್ವಲ್ಪ ಹೊತ್ತು ಕೂರೋಣ" ಅಂದಳು.